ಇನ್ವರ್ಟರಿನ ಎಚ್ಚರಿಕೆಯೂ ರೋಗಿಯ ಉಸಿರೂ

ವಿದ್ಯುಚ್ಛಕ್ತಿಯು ಇಂದು ಮನೆಗೆ ಬೆಳಕು ಕೊಡುವ ಸಾಧನವಾಗಿಯಷ್ಟೇ ಉಳಿದಿಲ್ಲ. ಹಿಂದೆ ಆಸ್ಪತ್ರೆಗಳಲ್ಲಿ ಮಾತ್ರ ಕಾಣುತ್ತಿದ್ದ ಅನೇಕ ಉಪಕರಣಗಳು ಈಗ ಗೃಹಸ್ಥರ ಮನೆಗಳನ್ನು ಸೇರಿವೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯುಳ್ಳವರಿಗೆ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸನ್‌ಟ್ರೇಟರ್, ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್, ಔಷಧವನ್ನು ಹಬೆಯ ರೂಪದಲ್ಲಿ ಎದೆಗೆ ತಲುಪಿಸುವ ನೆಬ್ಯುಲೈಸರ್ ಮುಂತಾದವು ವಿದ್ಯುತ್ತನ್ನೇ ನಂಬಿ ನಡೆಯುತ್ತವೆ. ಅವುಗಳನ್ನು ನಂಬಿ ಒಂದು ಜೀವ ಉಸಿರಾಡುತ್ತಿರುತ್ತದೆ.

ವಿದ್ಯುತ್ತು ಕೈಕೊಟ್ಟಾಗ ನಮ್ಮನ್ನು ಕಾಯುವುದು ಇನ್ವರ್ಟರ್ ಮತ್ತು ಅದರ ಬ್ಯಾಟರಿ. ಆದರೆ ಬಹುತೇಕ ಮನೆಗಳಲ್ಲಿ ಇನ್ವರ್ಟರನ್ನು ಕೊಂಡದ್ದು ಎರಡು ಫ್ಯಾನು, ನಾಲ್ಕು ದೀಪಗಳಿಗಾಗಿ. ಕೆಲವು ವರ್ಷಗಳ ತರುವಾಯ ಮನೆಯ ಹಿರಿಯರೊಬ್ಬರು ಕಾಯಿಲೆಯಿಂದ ಚೇತರಿಸಿಕೊಂಡು ಆಮ್ಲಜನಕದ ಯಂತ್ರದೊಡನೆ ಆಸ್ಪತ್ರೆಯಿಂದ ಮರಳಿದಾಗ, ಆ ಯಂತ್ರವನ್ನೂ ಅದೇ ಹಳೆಯ ಬ್ಯಾಟರಿಗೆ ಜೋಡಿಸಲಾಗುತ್ತದೆ. ಹೊಣೆ ದೊಡ್ಡದಾಯಿತು, ಬ್ಯಾಟರಿ ಮಾತ್ರ ಮೊದಲಿನದೇ ಉಳಿಯಿತು. ಇಂಥ ಮನೆಯಲ್ಲಿ ಇನ್ವರ್ಟರಿನ ‘ಬೀಪ್’ ಸದ್ದನ್ನು ಕಿರಿಕಿರಿಯೆಂದು ಭಾವಿಸುವುದು ಅಪಾಯಕರ. ಆ ಸದ್ದು ಉಳಿದಿರುವ ಕಾಲವನ್ನು ನಮಗೆ ತಿಳಿಸುತ್ತದೆ. ಅದಕ್ಕೆ ಕೊಡಬೇಕಾದ ಉತ್ತರವನ್ನು ಸದ್ದು ಕೇಳುವುದಕ್ಕೆ ಮೊದಲೇ ಸಿದ್ಧಪಡಿಸಿಕೊಂಡಿರುವುದೇ ನಿಜವಾದ ಜಾಗರೂಕತೆ.

ಸದ್ದುಗಳ ಅರ್ಥ

ಒಂದೊಂದು ಕಂಪನಿಯ ಇನ್ವರ್ಟರಿನ ಸದ್ದು ಒಂದೊಂದು ಬಗೆ. ಆದರೂ ಅವು ಸೂಚಿಸುವ ಸಂಗತಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಹೊರಗಿನ ವಿದ್ಯುತ್ತು ನಿಂತು ಬ್ಯಾಟರಿಯಿಂದ ಕೆಲಸ ನಡೆಯುತ್ತಿದೆ ಎಂಬುದು. ಎರಡನೆಯದು, ಬ್ಯಾಟರಿ ಬರಿದಾಗುತ್ತ ಬಂದಿದೆ ಎಂಬುದು. ಮೂರನೆಯದು, ಯಂತ್ರದ ಶಕ್ತಿಯನ್ನು ಮೀರಿದ ಹೊರೆ ಬಿದ್ದಿದೆ ಎಂಬುದು. ಹೊರೆ ಮೀರಿದಾಗ ಇನ್ವರ್ಟರು ತನ್ನನ್ನು ತಾನು ಕಾಪಾಡಿಕೊಳ್ಳಲು ಬ್ಯಾಟರಿ ತುಂಬಿದ್ದರೂ ನಿಂತುಬಿಡುತ್ತದೆ. ಯಂತ್ರದೊಡನೆ ಬಂದ ಕೈಪಿಡಿಯನ್ನು ತೆರೆದು, ಯಾವ ಸದ್ದಿಗೆ ಮತ್ತು ಯಾವ ಬಣ್ಣದ ದೀಪಕ್ಕೆ ಏನರ್ಥವೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಇನ್ವರ್ಟರಿನ ಬಳಿ ಅಂಟಿಸಬೇಕು.

ಆಮ್ಲಜನಕದ ಯಂತ್ರಕ್ಕೂ ತನ್ನದೇ ಆದ ಅಲಾರಂ ಇದೆ. ವಿದ್ಯುತ್ತು ಪೂರ್ಣವಾಗಿ ನಿಂತಾಗ ಅದು ಕೂಗುತ್ತದೆ. ಹೊರಬರುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕುಸಿದಾಗಲೂ ಅನೇಕ ಯಂತ್ರಗಳು ಎಚ್ಚರಿಸುತ್ತವೆ. ಆದರೆ ಇನ್ವರ್ಟರು ಇರುವುದು ಮೆಟ್ಟಿಲ ಕೆಳಗೆ, ರೋಗಿ ಇರುವುದು ಒಳಕೋಣೆಯಲ್ಲಿ. ಇರುಳು ಬಾಗಿಲು ಮುಚ್ಚಿ ಮಲಗಿದರೆ ಹೊರಗಿನ ಸದ್ದು ಕೇಳಿಸದು. ಆದ್ದರಿಂದ ರೋಗಿಯ ಬಳಿ ಮಲಗುವವರಿಗೆ ಎರಡೂ ಸದ್ದುಗಳು ಕೇಳುತ್ತವೆಯೇ ಎಂಬುದನ್ನು ಒಮ್ಮೆ ಪರೀಕ್ಷಿಸಿ ನೋಡಲೇಬೇಕು. ನಿದ್ರೆಗೆ ಅಡ್ಡಿಯಾಗುವುದೆಂದು ಅಲಾರಮನ್ನು ಶಾಶ್ವತವಾಗಿ ನಿಲ್ಲಿಸುವುದು ಸರ್ವಥಾ ಸಲ್ಲದು.

ಉಳಿದಿರುವ ಕಾಲ ಎಷ್ಟು?

ಇದನ್ನು ಸಾಮಾನ್ಯ ಲೆಕ್ಕದಿಂದಲೇ ಅಂದಾಜು ಮಾಡಬಹುದು. ಮನೆಗಳಲ್ಲಿ ಹೆಚ್ಚಾಗಿ ಬಳಸುವ ಬ್ಯಾಟರಿ 12 ವೋಲ್ಟಿನದು, 150 ಆಂಪಿಯರ್-ಅವರ್ ಸಾಮರ್ಥ್ಯದ್ದು. ಇವೆರಡನ್ನೂ ಗುಣಿಸಿದರೆ 1800 ವ್ಯಾಟ್-ಅವರ್ ಬರುತ್ತದೆ. ಆದರೆ ಇಷ್ಟೂ ಶಕ್ತಿ ನಮ್ಮ ಕೈಗೆ ದೊರೆಯುವುದಿಲ್ಲ. ಇನ್ವರ್ಟರಿನಲ್ಲಿ ಕೊಂಚ ನಷ್ಟವಾಗುತ್ತದೆ; ಶಕ್ತಿಯನ್ನು ವೇಗವಾಗಿ ಸೆಳೆದಾಗ ಬ್ಯಾಟರಿಯೂ ಕಡಿಮೆ ಕೊಡುತ್ತದೆ. ಸುರಕ್ಷಿತ ಅಂದಾಜಿಗೆ ನೂರಕ್ಕೆ 60 ಭಾಗ, ಅಂದರೆ 1080 ವ್ಯಾಟ್-ಅವರ್ ಎಂದು ಹಿಡಿಯೋಣ.

ನಿಮಿಷಕ್ಕೆ 5 ಲೀಟರ್ ಕೊಡುವ ಆಮ್ಲಜನಕದ ಯಂತ್ರಕ್ಕೆ ಸುಮಾರು 350 ವ್ಯಾಟ್ ಬೇಕೆಂದು ಇಟ್ಟುಕೊಳ್ಳೋಣ. ಆ ಯಂತ್ರವೊಂದೇ ನಡೆದರೆ ಬ್ಯಾಟರಿ ಸುಮಾರು 3 ಗಂಟೆ ಬರುತ್ತದೆ. ಒಂದು ಫ್ಯಾನು, ಒಂದು ದೀಪ ಸೇರಿದರೆ ಎರಡೂವರೆ ಗಂಟೆ. ಮೂರು ಫ್ಯಾನು ಮತ್ತು ದೂರದರ್ಶನವೂ ನಡೆಯುತ್ತಿದ್ದರೆ ಒಂದೂವರೆ ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಇದು ಹೊಸ ಬ್ಯಾಟರಿಯ ಮಾತು. ಮೂರು ನಾಲ್ಕು ವರ್ಷ ಹಳೆಯದಾದ ಬ್ಯಾಟರಿಯಲ್ಲಿ ಇದರ ಅರ್ಧದಷ್ಟೂ ದೊರೆಯದಿರಬಹುದು. ಪಕ್ಕದ ಕೋಣೆಯ ಫ್ಯಾನನ್ನು ಆರಿಸುವುದು ಇಲ್ಲಿ ಮಿತವ್ಯಯದ ವಿಷಯವಲ್ಲ. ರೋಗಿಗೆ ಅಷ್ಟು ನಿಮಿಷಗಳ ಉಸಿರನ್ನು ಉಳಿಸಿಕೊಟ್ಟಂತೆ. ಬೈಪ್ಯಾಪ್ ಯಂತ್ರಕ್ಕೆ ಇದಕ್ಕಿಂತ ಬಹಳ ಕಡಿಮೆ ಶಕ್ತಿ ಸಾಕು. ಆದರೆ ಅದರೊಡನಿರುವ ನೀರು ಕಾಯಿಸುವ ಭಾಗವು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ಬ್ಯಾಟರಿಯ ಮೇಲೆ ನಡೆಸುವಾಗ ಅದನ್ನು ನಿಲ್ಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಲೆಕ್ಕವು ದಾರಿ ತೋರಿಸುತ್ತದೆ, ಪರೀಕ್ಷೆಯು ಸತ್ಯವನ್ನು ಹೇಳುತ್ತದೆ. ಮೂರು ತಿಂಗಳಿಗೊಮ್ಮೆ, ಹಗಲಿನಲ್ಲಿ, ಬ್ಯಾಟರಿ ಪೂರ್ಣ ತುಂಬಿರುವಾಗ ಹೊರಗಿನ ವಿದ್ಯುತ್ತನ್ನು ನಿಲ್ಲಿಸಿ ಯಂತ್ರವನ್ನು ಇನ್ವರ್ಟರಿನ ಮೇಲೆ ನಡೆಸಿ ನೋಡಬೇಕು. ಆ ಹೊತ್ತಿನಲ್ಲಿ ರೋಗಿಯು ಸಿಲಿಂಡರಿನ ಆಮ್ಲಜನಕದ ಮೇಲಿರಬೇಕೇ ಹೊರತು ಪರೀಕ್ಷೆಗೆ ಒಳಗಾದ ಯಂತ್ರದ ಮೇಲಿರಕೂಡದು. ಬ್ಯಾಟರಿ ಇಳಿದ ಸೂಚನೆಯ ಸದ್ದು ಕೇಳಿದೊಡನೆ ಪರೀಕ್ಷೆಯನ್ನು ನಿಲ್ಲಿಸಿ, ಕಳೆದ ಸಮಯವನ್ನು ದಿನಾಂಕದೊಡನೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಪರೀಕ್ಷೆಯಿಂದ ಪರೀಕ್ಷೆಗೆ ಸಮಯವು ಇಳಿಯುತ್ತಿದ್ದರೆ, ಬ್ಯಾಟರಿ ಕೈಕೊಡುವ ದಿನಕ್ಕಾಗಿ ಕಾಯದೆ ಹೊಸದನ್ನು ತರುವುದು ವಿವೇಕ.

ವಿದ್ಯುತ್ತು ಹೋದ ಗಳಿಗೆಯಿಂದ

ವಿದ್ಯುತ್ತು ನಿಂತ ಕೂಡಲೇ ಗಡಿಯಾರ ನೋಡಿ ಸಮಯವನ್ನು ಬರೆದುಕೊಳ್ಳಿ. ಅನವಶ್ಯಕವಾದ ಫ್ಯಾನು, ದೀಪ, ದೂರದರ್ಶನಗಳನ್ನು ಆರಿಸಿ. ಮಿಕ್ಸರ್, ನೀರಿನ ಪಂಪು, ಇಸ್ತ್ರಿಪೆಟ್ಟಿಗೆಗಳನ್ನು ಮುಟ್ಟಬೇಡಿ. ಬಳಿಕ 1912 ಸಹಾಯವಾಣಿಗೆ ಕರೆಮಾಡಿ, ಮನೆಯಲ್ಲಿ ಆಮ್ಲಜನಕದ ಮೇಲಿರುವ ರೋಗಿ ಇದ್ದಾರೆಂದು ತಿಳಿಸಿ, ವಿದ್ಯುತ್ತು ಯಾವಾಗ ಬರಬಹುದೆಂದು ವಿಚಾರಿಸಿ.

ನಿಮ್ಮ ಬ್ಯಾಟರಿಯ ಪರೀಕ್ಷಿತ ಕಾಲದ ಅರ್ಧ ಕಳೆದೊಡನೆ ಸಿಲಿಂಡರನ್ನು ಅಣಿಮಾಡಿಕೊಳ್ಳಿ. ಬ್ಯಾಟರಿ ಇಳಿದ ಸದ್ದು ಕೇಳಿದಾಗ ಸಿಲಿಂಡರಿನ ಕೀಲಿಯನ್ನು ಹುಡುಕಲು ಹೊರಟರೆ ತಡವಾಗುತ್ತದೆ. ರೆಗ್ಯುಲೇಟರನ್ನು ಮೊದಲೇ ಜೋಡಿಸಿ, ಕೀಲಿಯನ್ನು ದಾರದಿಂದ ಸಿಲಿಂಡರಿಗೇ ಕಟ್ಟಿ, ಸಿಲಿಂಡರನ್ನು ಉರುಳದಂತೆ ಗೋಡೆಗೆ ಬಿಗಿದಿಡಬೇಕು. ಸದ್ದು ಬಂದೊಡನೆ ರೋಗಿಯನ್ನು ಸಿಲಿಂಡರಿಗೆ ಬದಲಿಸಿ. ಇನ್ವರ್ಟರು ತಾನಾಗಿ ನಿಲ್ಲುವವರೆಗೆ ಕಾಯಬೇಡಿ.

ಸಿಲಿಂಡರಿನ ಕಾಲವನ್ನೂ ಲೆಕ್ಕಹಾಕಬಹುದು. ‘ಬಿ’ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಅದು ಹನ್ನೆರಡೂವರೆ ಗಂಟೆಯೂ, 5 ಲೀಟರಿನಂತೆ 5 ಗಂಟೆಯೂ ಬರುತ್ತದೆ. ಒತ್ತಡದ ಮಾಪಕದ ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಕಾಲವೂ ಅರ್ಧವೇ.

ಗಾಬರಿಯಲ್ಲಿ ಆಮ್ಲಜನಕದ ಪ್ರಮಾಣವನ್ನು ಮನಬಂದಂತೆ ಏರಿಸುವುದು ತಪ್ಪು. ದೀರ್ಘಕಾಲದ ಶ್ವಾಸನಾಳದ ರೋಗವುಳ್ಳ ಕೆಲವರಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರಗೊಂಡು ಮಂಪರು ಕವಿಯುತ್ತದೆ. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಆಕ್ಸಿಮೀಟರಿನಲ್ಲಿ 88ರಿಂದ 92ರ ಮಟ್ಟವನ್ನು ಸೂಚಿಸುತ್ತಾರೆ. ನಿಮ್ಮ ರೋಗಿಗೆ ವೈದ್ಯರು ಬರೆದುಕೊಟ್ಟ ಪ್ರಮಾಣ ಮತ್ತು ಮಟ್ಟವೇ ನಿಮಗೆ ಪ್ರಮಾಣವಾಗಿರಲಿ. ತುಟಿ ನೀಲಿಗಟ್ಟುವುದು, ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಷ್ಟು ಏದುಸಿರು, ಅಸಂಬದ್ಧವಾದ ಮಾತು, ಎಬ್ಬಿಸಿದರೂ ಏಳದಂಥ ನಿದ್ರೆ ಇವುಗಳಲ್ಲಿ ಒಂದು ಕಂಡರೂ ವಿದ್ಯುತ್ತಿಗಾಗಿ ಕಾಯದೆ 108ಕ್ಕೆ ಕರೆಮಾಡಬೇಕು. ಸಿಲಿಂಡರು ಇಲ್ಲದ ಮನೆಯವರು ಬ್ಯಾಟರಿಯ ಅರ್ಧಕಾಲ ಕಳೆಯುವ ಹೊತ್ತಿಗೇ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಮಾಡಿಕೊಳ್ಳುವುದು ಲೇಸು.

ವಿದ್ಯುತ್ತು ಮರಳಿದಾಗಲೂ ಅವಸರ ಬೇಡ. ಅದು ಬಂದು ಹೋಗಿ ಆಗುವುದುಂಟು. ಹತ್ತು ಹದಿನೈದು ನಿಮಿಷ ಸ್ಥಿರವಾಗಿ ನಿಂತ ಮೇಲೆ ಯಂತ್ರವನ್ನು ಆರಂಭಿಸಿ. ಶುದ್ಧ ಆಮ್ಲಜನಕದ ಮಟ್ಟವನ್ನು ತಲುಪಲು ಅದಕ್ಕೆ ಕೆಲವು ನಿಮಿಷ ಬೇಕಾಗುತ್ತದೆ. ಆ ಬಳಿಕವೇ ರೋಗಿಯನ್ನು ಸಿಲಿಂಡರಿನಿಂದ ಯಂತ್ರಕ್ಕೆ ಬದಲಿಸಬೇಕು.

ಬೆಂಕಿ, ಹೊಗೆ, ಆಮ್ಲ

ಕತ್ತಲಾದೊಡನೆ ಮೇಣದ ಬತ್ತಿಯನ್ನೋ ಎಣ್ಣೆಯ ದೀಪವನ್ನೋ ಹಚ್ಚುವುದು ನಮ್ಮಲ್ಲಿ ರೂಢಿ. ಆಮ್ಲಜನಕ ಹರಿಯುವ ಕೋಣೆಯಲ್ಲಿ ಇದನ್ನು ಎಂದಿಗೂ ಮಾಡಕೂಡದು. ಆಮ್ಲಜನಕವು ತಾನು ಉರಿಯದಿದ್ದರೂ ಕಿಡಿಯನ್ನು ಜ್ವಾಲೆಯಾಗಿಸುತ್ತದೆ. ಹಾಸಿಗೆ ಹೊದಿಕೆಗಳು ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಊದುಬತ್ತಿ, ಕರ್ಪೂರ, ಬೀಡಿ, ಸೊಳ್ಳೆ ಬತ್ತಿಗಳಿಗೂ ಈ ಕೋಣೆಯಲ್ಲಿ ಸ್ಥಾನವಿಲ್ಲ. ಪೂಜೆಯ ದೀಪ ದೇವರ ಕೋಣೆಯಲ್ಲಿಯೇ ಬೆಳಗಲಿ, ರೋಗಿಯ ಬಳಿ ಟಾರ್ಚ್ ಇರಲಿ. ಸಿಲಿಂಡರಿನ ಕವಾಟಕ್ಕೆ ಎಣ್ಣೆ ಅಥವಾ ಗ್ರೀಸ್ ಹಚ್ಚಬಾರದು.

ಜನರೇಟರ್ ಉಳ್ಳವರು ಅದನ್ನು ಮನೆಯೊಳಗಾಗಲಿ, ಮುಚ್ಚಿದ ಪಡಸಾಲೆಯಲ್ಲಾಗಲಿ, ಕಿಟಕಿಯ ಬುಡದಲ್ಲಾಗಲಿ ನಡೆಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ಮಂಪರುಗಳಿಂದ ತೊಡಗಿ ಅದು ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲುದು.

ಬ್ಯಾಟರಿಯ ಆರೈಕೆಯೂ ಆರೋಗ್ಯದ ವಿಷಯವೇ. ಸೀಸ-ಆಮ್ಲದ ಬ್ಯಾಟರಿಯು ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಅದು ಕಿಡಿ ತಾಗಿದರೆ ಸಿಡಿಯುವಂಥದು. ಆದ್ದರಿಂದ ಬ್ಯಾಟರಿ ಗಾಳಿಯಾಡುವ ಜಾಗದಲ್ಲಿರಬೇಕು. ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ನೋಡಿ, ಕಡಿಮೆಯಾಗಿದ್ದರೆ ಭಟ್ಟಿ ಇಳಿಸಿದ ನೀರನ್ನೇ ಗುರುತಿನವರೆಗೆ ತುಂಬಬೇಕು; ನಲ್ಲಿಯ ನೀರು ಕೂಡದು. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಬ್ಯಾಟರಿ ಮಿತಿಮೀರಿ ಚಾರ್ಜ್ ಆಗುತ್ತಿರುವ ಸಂಭವವಿದೆ. ಆಗ ರೋಗಿಯನ್ನು ಸಿಲಿಂಡರಿಗೆ ಬದಲಿಸಿ, ಕಿಟಕಿ ಬಾಗಿಲುಗಳನ್ನು ತೆರೆದು, ವಿದ್ಯುತ್ ಪೂರೈಕೆಯನ್ನು ಕಡಿದು, ಎಲ್ಲರೂ ದೂರ ಸರಿದು ತಂತ್ರಜ್ಞರನ್ನು ಕರೆಸಬೇಕು. ಆಮ್ಲವು ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳವಾದ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ವೈದ್ಯರ ಬಳಿಗೆ ಧಾವಿಸಬೇಕು.

ಎಚ್ಚರಿಕೆಗೊಬ್ಬ ಹೊಣೆಗಾರ

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶೀತಕಗಳಲ್ಲಿ ಕಾಪಾಡುತ್ತಾರೆ. ಅಲ್ಲಿ ದಿನಕ್ಕೆರಡು ಬಾರಿ ಉಷ್ಣತೆಯನ್ನು ನೋಡಿ ಬರೆಯುವುದು ಕ್ರಮ. ‘ಇ-ವಿನ್’ ಎಂಬ ರಾಷ್ಟ್ರೀಯ ವ್ಯವಸ್ಥೆಯಲ್ಲಿ ಶೀತಕದ ಉಷ್ಣತೆ ಮಿತಿ ಮೀರಿದರೆ ಸಂಬಂಧಪಟ್ಟವರ ಮೊಬೈಲಿಗೇ ಸಂದೇಶ ತಲುಪುತ್ತದೆ. ಯಂತ್ರ ಕೂಗಿದರಷ್ಟೇ ಸಾಲದು, ಆ ಕೂಗು ಯಾರಿಗೆ ಸಲ್ಲಬೇಕೆಂಬುದೂ ನಿಶ್ಚಯವಾಗಿರಬೇಕು ಎಂಬ ತಿಳಿವಳಿಕೆ ಈ ವ್ಯವಸ್ಥೆಯ ಹಿಂದಿದೆ.

ಮನೆಗೂ ಇದೇ ಮಾತು ಸಲ್ಲುತ್ತದೆ. ಕೂಡಿ ಬಾಳುವ ಮನೆಯಲ್ಲಿ ಸದ್ದನ್ನು ಎಲ್ಲರೂ ಕೇಳಿರುತ್ತಾರೆ, ಮತ್ತೊಬ್ಬರು ನೋಡಿಕೊಳ್ಳುವರೆಂದು ಎಲ್ಲರೂ ಸುಮ್ಮನಿರುತ್ತಾರೆ. ಹಾಗಾಗದಂತೆ ಹಗಲಿಗೊಬ್ಬರು, ಇರುಳಿಗೊಬ್ಬರು ಹೊಣೆ ಹೊರಬೇಕು. ಸಿಲಿಂಡರನ್ನು ಬದಲಿಸುವ ಕ್ರಮವನ್ನು ಕನಿಷ್ಠ ಇಬ್ಬರು ಕೈಯಾರೆ ಮಾಡಿ ಕಲಿತಿರಬೇಕು. ಗಂಡಸರು ಹೊಲಕ್ಕೋ ಕಚೇರಿಗೋ ಹೋದ ಹೊತ್ತಿನಲ್ಲಿ ಮನೆಯಲ್ಲಿ ಉಳಿಯುವ ಸೊಸೆಯೋ ಮೊಮ್ಮಗಳೋ ಇದನ್ನು ಅರಿತಿರುವುದು ಅತ್ಯಗತ್ಯ. ನೆರೆಮನೆಯವರಿಗೂ ವಿಷಯ ತಿಳಿದಿರಲಿ. ಆಪತ್ತಿನಲ್ಲಿ ಮೊದಲು ಓಡಿ ಬರುವವರು ಅವರೇ.

ಓದುಗ ಬಂಧುಗಳು ಈ ತಿಂಗಳಿನಲ್ಲಿಯೇ ಒಂದು ದಿನವನ್ನು ಇದಕ್ಕಾಗಿ ಗೊತ್ತುಮಾಡಿಕೊಳ್ಳಲಿ. ಬ್ಯಾಟರಿಯ ನೀರನ್ನು ನೋಡಿ, ಅದರ ಕಾಲವನ್ನು ಅಳೆದು, ಸಿಲಿಂಡರಿನ ಮುಳ್ಳನ್ನು ಪರೀಕ್ಷಿಸಿ, ವೈದ್ಯರ ಮತ್ತು ಸಹಾಯವಾಣಿಗಳ ಸಂಖ್ಯೆಗಳನ್ನು ಗೋಡೆಗೆ ಬರೆದು ಅಂಟಿಸಲಿ. ಅರ್ಧ ದಿನದ ಈ ಶ್ರಮವು, ಮಳೆಗಾಳಿಗೆ ತಂತಿ ಹರಿದ ಇರುಳಿನಲ್ಲಿ ಮನೆಯ ಹಿರಿಯ ಜೀವವೊಂದನ್ನು ಬೆಳಗಿನವರೆಗೆ ಕಾಯಬಲ್ಲುದು.