ಬೆಕ್ಕಿಗೊಂದು ಹಿಡಿ ಹಸುರು

ಬಾಯಿಯಲ್ಲಿರುವ 30 ಹಲ್ಲುಗಳಲ್ಲಿ ಸೊಪ್ಪನ್ನು ಅರೆಯಬಲ್ಲ ಚಪ್ಪಟೆಯ ದವಡೆಹಲ್ಲು ಒಂದೂ ಇಲ್ಲದ, ನಾರನ್ನು ಕರಗಿಸುವ ಕಿಣ್ವವನ್ನಾಗಲಿ ಹಸುವಿನಂಥ ಜಠರವನ್ನಾಗಲಿ ಪಡೆಯದ, ಮಾಂಸವಿಲ್ಲದೆ ಬದುಕಲಾರದ ಬೆಕ್ಕು, ಹಿತ್ತಲಿಗಿಳಿದೊಡನೆ ಗರಿಕೆಯ ಹೊದರನ್ನರಸಿ, ತಲೆಯನ್ನೋರೆಮಾಡಿ, ಎಸಳೊಂದನ್ನು ಬಾಯಿಯ ಪಕ್ಕದ ಕತ್ತರಿಹಲ್ಲುಗಳ ನಡುವೆ ಸಿಕ್ಕಿಸಿ ತುಂಡರಿಸಿ ಅಗಿಯದೆಯೇ ನುಂಗುವುದನ್ನು ಕಂಡವರಿಗೆ, ಈ ಮಾಂಸಾಹಾರಿಗೆ ಹುಲ್ಲಿನಿಂದ ಆಗಬೇಕಾದುದೇನೆಂಬ ಕುತೂಹಲ ಹುಟ್ಟದಿರದು.

ಹೊಟ್ಟೆ ಕೆಟ್ಟಾಗ ವಾಂತಿಮಾಡಿಕೊಳ್ಳಲೆಂದು ತಿನ್ನುತ್ತದೆ ಎಂಬುದು ಮನೆಮನೆಯಲ್ಲಿಯೂ ಸಿಗುವ ಸಮಾಧಾನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯ ವಿಜ್ಞಾನಿಗಳು ಬೆಕ್ಕು ಸಾಕಿದ ಸಾವಿರಕ್ಕೂ ಮಿಕ್ಕ ಜನರನ್ನು ವಿಚಾರಿಸಿ 2019ರಲ್ಲಿ ತಿಳಿಸಿದ ಫಲಿತಾಂಶ ಇದನ್ನು ಬಹುಮಟ್ಟಿಗೆ ಅಲ್ಲಗಳೆಯಿತು. ಹುಲ್ಲು ತಿನ್ನುವ ಮುನ್ನ ಅಸ್ವಸ್ಥವಾಗಿ ಕಂಡ ಬೆಕ್ಕುಗಳು ಅತ್ಯಲ್ಪ. ತಿಂದ ಮೇಲೆ ಪದೇ ಪದೇ ವಾಂತಿಮಾಡಿದವು ನಾಲ್ಕರಲ್ಲೊಂದರಷ್ಟೇ. ಟಾಂಜಾನಿಯಾದ ಮಹಾಲೆ ಪರ್ವತಗಳ ಚಿಂಪಾಂಜಿಗಳು ಒರಟು ಎಲೆಗಳನ್ನು ಅಗಿಯದೆ ನುಂಗಿ, ಅವುಗಳೊಡನೆ ಕರುಳಿನ ಹುಳುಗಳನ್ನು ಹೊರಹಾಕುವುದು ಹಿಂದೆಯೇ ತಿಳಿದಿದ್ದ ವಿಷಯ. ಜೀರ್ಣವಾಗದ ನಾರು ಕರುಳಿನ ಚಲನೆಯನ್ನು ತ್ವರಿತಗೊಳಿಸಿ ಪರೋಪಜೀವಿಗಳನ್ನು ತಳ್ಳುತ್ತಿದ್ದಿರಬೇಕು, ಕಾಡುಬೆಕ್ಕಿನ ಆ ಅಭ್ಯಾಸ ವಂಶಪಾರಂಪರ್ಯವಾಗಿ ಮನೆಬೆಕ್ಕಿನಲ್ಲಿಯೂ ಉಳಿದಿರಬೇಕು ಎಂಬುದು ಆ ವಿಜ್ಞಾನಿಗಳ ಊಹೆ. ನನಗೂ ಇದೇ ಸಮಂಜಸವೆಂದು ತೋರುತ್ತದೆ.

ಹಾಗಿದ್ದಲ್ಲಿ, ನಾಲ್ಕನೆಯ ಅಂತಸ್ತಿನ ಮನೆಯೊಳಗೆ ಬಾಗಿಲು ಮುಚ್ಚಿ ಬೆಕ್ಕನ್ನು ಸಾಕುವವರ ಮೇಲೆ ಹುಲ್ಲನ್ನು ಒದಗಿಸುವ ಹೊಣೆಯೂ ಬೀಳುತ್ತದೆ. ಹಸುರಿನ ಬಯಕೆಯುಳ್ಳ ಪ್ರಾಣಿ ಕೈಗೆ ಸಿಕ್ಕಿದ ಹಸುರನ್ನೇ ಕಚ್ಚುತ್ತದೆ. ನಮ್ಮ ಕಿಟಕಿಗಳಲ್ಲಿ ಅದಕ್ಕೆ ಸಿಕ್ಕುವುದಾದರೂ ಏನು? ಮನಿ ಪ್ಲಾಂಟಿನ ಎಲೆಯಲ್ಲಿ ಬಾಯಿ ಗಂಟಲುಗಳನ್ನು ಚುಚ್ಚಿ ಉರಿಸುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿವೆ. ಲಿಲ್ಲಿಯಂತೂ ಘೋರ ವಿಷ: ಮೈಮೇಲೆ ಉದುರಿದ ಅದರ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ನಾಶವಾಗಬಹುದು. ಬೆಕ್ಕಿರುವ ಮನೆಯಲ್ಲಿ ಲಿಲ್ಲಿಗೆ ಸ್ಥಳವೇ ಇರಕೂಡದು.

ಬಿತ್ತುವುದಕ್ಕೆ ಗೋಧಿ ಶ್ರೇಷ್ಠ. ಸಿಪ್ಪೆಯುಳ್ಳ ಜವೆಗೋಧಿಯೂ ಆದೀತು. ಡಬ್ಬಿಯಲ್ಲಿ ಬರುವ ಓಟ್ಸ್ ಆವಿಯಲ್ಲಿ ಬೆಂದು ಚಪ್ಪಟೆಯಾದುದಾದ್ದರಿಂದ ಮೊಳೆಯದು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಮೊದಲ ರೈತರು ಕೂಡಿಟ್ಟ ಗೋಧಿ, ಜವೆಗೋಧಿಗಳೇ ಇಲಿಗಳನ್ನು, ಇಲಿಗಳು ಕಾಡುಬೆಕ್ಕನ್ನು ಮನುಷ್ಯನ ಬಳಿಗೆ ಕರೆತಂದವೆಂಬುದನ್ನು ನೆನೆದರೆ, ಈ ಧಾನ್ಯಗಳಿಗೂ ಬೆಕ್ಕಿಗೂ ಇರುವ ನಂಟು ಬಹು ಪ್ರಾಚೀನವಾದುದು. ಜೋಳ ಮಾತ್ರ ಬೇಡ. ಎಳೆಯ ಜೋಳದ ಪೈರಿನಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ವಸ್ತುವಿರುವುದರಿಂದಲೇ ನಮ್ಮ ರೈತರು ಅದರೊಳಕ್ಕೆ ದನಗಳನ್ನು ಬಿಡುವುದಿಲ್ಲ. ಬಿತ್ತನೆಬೀಜವೆಂದು ಮಾರುವ, ಶಿಲೀಂಧ್ರನಾಶಕ ಲೇಪಿಸಿ ಬಣ್ಣ ಕಟ್ಟಿದ ಕಾಳೂ ವರ್ಜ್ಯ. ದಿನಸಿ ಅಂಗಡಿಯಿಂದ ಹಿಟ್ಟಿಗೆಂದು ತಂದ ಇಡಿಗೋಧಿಯೇ ಸಾಕು.

ಮದುವೆಯ ಅಂಕುರಾರ್ಪಣಕ್ಕೆ ಪಾಲಿಕೆಗಳಲ್ಲಿ ನವಧಾನ್ಯ ಮೊಳೆಯಿಸುವ ಮನೆಗಳಿಗೆ ಮುಂದಿನ ಕೆಲಸ ಹೊಸದಲ್ಲ. ರಾತ್ರಿ ನೆನೆಸಿದ ಕಾಳನ್ನು, ತಳದಲ್ಲಿ ತೂತಿರುವ ಭಾರವಾದ ಮಣ್ಣಿನ ತಟ್ಟೆಯಲ್ಲಿ ಎರಡಂಗುಲ ತೆಂಗಿನ ನಾರಿನ ಹುಡಿ ಹರಡಿ, ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಚೆಲ್ಲಿ, ತೆಳುವಾಗಿ ಮುಚ್ಚಿ, ತೇವ ಆರದಂತೆ ನೋಡಿಕೊಳ್ಳತಕ್ಕದ್ದು. ಒತ್ತಾಗಿ ಬಿತ್ತಿದರೆ ಬೇರುಗಳು ಹೆಣೆದುಕೊಂಡು ಚಾಪೆಯಾಗಿ, ಬೆಕ್ಕು ಎಳೆದರೂ ಕಿತ್ತು ಬಾರವು. ನೀರು ಹೀರಿದ ಭ್ರೂಣ ಜಿಬ್ಬರೆಲಿನ್ ಎಂಬ ಚೋದಕದ ಮೂಲಕ ಸಿಪ್ಪೆಯ ಒಳಪದರವನ್ನು ಎಚ್ಚರಿಸುತ್ತದೆ. ಆ ಪದರ ಸ್ರವಿಸುವ ಕಿಣ್ವ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಆ ಸಕ್ಕರೆಯೇ ಮೊದಲ ದಿನಗಳ ಆಹಾರವಾದುದರಿಂದ ಗೊಬ್ಬರದ ಅಗತ್ಯವಿಲ್ಲ. ಮೂರನೆಯ ದಿನದ ಹೊತ್ತಿಗೆ ಬೇರಿನ ಸುತ್ತ ಬಿಳಿಯ ನವುರು ಕಂಡು ಬೂಷ್ಟೆಂದು ಬೆದರುವವರುಂಟು. ಅದು ಬೇರುರೋಮ, ನೀರು ಚಿಮುಕಿಸಿದರೆ ಅಡಗಿಹೋಗುತ್ತದೆ. ಕಾಳಿನ ಮೇಲೆಯೇ ಜೇಡನ ಬಲೆಯಂತೆ ಕವಿದು, ಮುಗ್ಗಲು ವಾಸನೆ ಸೂಸುವುದೇ ನಿಜವಾದ ಬೂಷ್ಟು. ಕರಾವಳಿಯ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು, ಬಂದರೆ ತಟ್ಟೆಯನ್ನೇ ಚೆಲ್ಲಿಬಿಡಬೇಕು. ಬೆಳ್ಳನೆಯ ಮೊನಚು ಕವಚವನ್ನು ಸೀಳಿ ಹಸುರೆಲೆ ಹೊರಬಂದ ಮೇಲೆ, ಬೆಳಗಿನ ಜಾವ ಪ್ರತಿಯೊಂದು ಎಸಳಿನ ತುದಿಯಲ್ಲಿಯೂ ಒಂದೊಂದು ನೀರಹನಿ ನಿಂತಿರುತ್ತದೆ. ಮನೆಯೊಳಗೆ ಇಬ್ಬನಿಯೆಲ್ಲಿಯದು? ರಾತ್ರಿಯೆಲ್ಲ ಬೇರು ಒತ್ತಿ ಮೇಲೇರಿಸಿದ ನೀರು ತುದಿಯ ಸೂಕ್ಷ್ಮರಂಧ್ರಗಳಿಂದ ಹೊರಹೊಮ್ಮಿ ನಿಂತ ಹನಿ ಅದು, ಬೇರು ಚೆನ್ನಾಗಿ ದುಡಿಯುತ್ತಿರುವುದರ ಗುರುತು.

ಎಂಟು ಹತ್ತು ದಿನಗಳಲ್ಲಿ ಹುಲ್ಲು ಗೇಣುದ್ದಕ್ಕೆ ಸಮೀಪಿಸಿದಾಗ ಬೆಕ್ಕಿನ ಮುಂದಿಡಬಹುದು. ಹುಲ್ಲಿನ ಬೆಳವಣಿಗೆಯ ಕೇಂದ್ರ ಬುಡದಲ್ಲಿರುವುದರಿಂದ ತುದಿಯನ್ನು ತಿಂದರೂ ಎಸಳು ಮತ್ತೆ ನೀಳವಾಗುತ್ತದೆ. ಆದರೆ ಬಲಿತ ಎಸಳು ಒರಟಾಗುತ್ತದೆ. ಅಂಥದೊಂದು ನುಂಗುವಾಗ ಮೂಗಿನ ಹಿಂಭಾಗಕ್ಕೆ ಸರಿದು ಸಿಕ್ಕಿಕೊಂಡರೆ ಪಶುವೈದ್ಯರೇ ತೆಗೆಯಬೇಕಾಗುವುದು. ಪದೇ ಪದೇ ವಾಂತಿಯಾಗಿ ಬೆಕ್ಕು ಆಹಾರವನ್ನೇ ಬಿಟ್ಟರೆ ಹುಲ್ಲನ್ನು ಮದ್ದೆಂದು ನಂಬಿ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಒಂದು ತಟ್ಟೆಯ ಹುಲ್ಲು ಎರಡು ಮೂರು ವಾರಗಳಲ್ಲಿ ಹಳದಿಗೆ ತಿರುಗುತ್ತದೆಯಾದ್ದರಿಂದ, ಮೊದಲ ತಟ್ಟೆಯನ್ನು ಬೆಕ್ಕಿಗೆ ಕೊಟ್ಟ ರಾತ್ರಿಯೇ ಎರಡನೆಯದಕ್ಕೆ ಗೋಧಿ ನೆನೆಹಾಕಿ.