ಕೋಡ್ ಬರೆಯದೆ ವೆಬ್‌ಸೈಟ್ ಮಾಡೋದು ಹೇಗೆ?

ಒಂದಕ್ಷರ ಕೋಡ್ ಗೊತ್ತಿಲ್ಲ.
ಆದ್ರೂ ಸ್ವಂತ ವೆಬ್‌ಸೈಟ್ ಮಾಡಬಹುದಾ?
ಖಂಡಿತ ಮಾಡಬಹುದು.

ಇದು ಹೊಸ ಮಾತೇನಲ್ಲ.
1990ರಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ
ಜಗತ್ತಿನ ಮೊದಲ ಬ್ರೌಸರ್ ಇತ್ತಲ್ಲ,
ಅದರಲ್ಲಿ ಪುಟ ಓದಬಹುದಿತ್ತು,
ಕೋಡ್ ಮುಟ್ಟದೆ ಅಲ್ಲೇ ಬರೆಯಲೂಬಹುದಿತ್ತು!

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ.
ಕಣ್ಣಿಗೆ ಮೊದಲು ಕಾಣೋದು ಎಳೆ.
ಎಳೆ ಹಿಡಿದಿರೋದು ಚುಕ್ಕಿ.
ಇಲ್ಲಿ ಎಳೆ ನಿಮ್ಮದು.
ಚುಕ್ಕಿ, ಅಂದ್ರೆ ಎಚ್‌ಟಿಎಂಎಲ್ ಕೋಡ್,
ಅದನ್ನ ಎಡಿಟರ್ ಇಡುತ್ತೆ.

ಗೂಗಲ್ ಸೈಟ್ಸ್ ಅಂಥದ್ದೊಂದು ಎಡಿಟರ್. ಉಚಿತ. ತೆರೆಯಿರಿ.
ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ.
ದುಂಡನೆಯ ಮೆನು ಅರಳುತ್ತೆ.
ಬರಹನೋ ಫೋಟೋನೋ, ಆರಿಸಿ.
ಎಳೆದು ಜಾಗಕ್ಕೆ ಕೂರಿಸಿ.

ಪ್ರಿವ್ಯೂನಲ್ಲಿ ಫೋನ್ ಚಿತ್ರ ಒತ್ತೋದು ಮರೀಬೇಡಿ.
ನಿಮ್ಮ ಪುಟವನ್ನ ಎಷ್ಟೋ ಜನ ನೋಡೋದು
ಅಂಗೈಯಗಲದ ಪರದೆಯಲ್ಲಿ.

ಸರಿ ಅನ್ನಿಸ್ತಾ? ಪಬ್ಲಿಷ್ ಒತ್ತಿ.
ವಿಳಾಸಕ್ಕೊಂದು ಹೆಸರು ಕೇಳುತ್ತೆ.
ಸಣ್ಣದಿಡಿ.
ಫೋನಲ್ಲಿ ಹೇಳಿದ್ರೆ
ಎದುರಿನವರು ತಪ್ಪಿಲ್ಲದೆ ಬರ್ಕೊಳ್ಳೋ ಹಾಗಿರಲಿ.

ಇಲ್ಲೊಂದು ಎಚ್ಚರಿಕೆ.
ನಾಳೆ ಸೈಟಿನಲ್ಲಿ ನಿಮ್ಮ ಅಂಗಡಿಯ ಬೆಲೆಪಟ್ಟಿ ತಿದ್ದುತ್ತೀರಿ ಅಂದ್ಕೊಳ್ಳಿ.
ಎಡಿಟರ್‌ನಲ್ಲಿ ಹೊಸ ಬೆಲೆ,
ಗಿರಾಕಿಗೆ ಕಾಣೋದು ಹಳೇ ಬೆಲೆ!
ತಿದ್ದಿದ ಮೇಲೆ ಮತ್ತೆ ಪಬ್ಲಿಷ್ ಒತ್ತಲೇಬೇಕು.

ಒತ್ತಿದ್ರಾ?
ಈಗ ಮನೆಯವರ ಫೋನ್ ಇಸ್ಕೊಂಡು
ಅದರಲ್ಲಿ ತೆರೆದು ನೋಡಿ.