ನಗು ಎಂದು ಅಪ್ಪಣೆ ಕೊಡುವವನು

ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿದೆ. ಒಳಗೆ ಅಪ್ಪ, ಅಮ್ಮ, ಮಗಳು. ಕಾಣೆಯಾಗಿದ್ದ ಮಗಳು ಸಿಕ್ಕಿದ್ದಾಳೆ, ಊರಿಗೆ ಹೊರಡುವುದೊಂದೇ ಬಾಕಿ. ಹುಡುಕಿಕೊಟ್ಟ ಪತ್ತೇದಾರಿಣಿ ಆಚೆ ನಿಂತು ನೋಡುತ್ತಿದ್ದಾಳೆ. ಅಷ್ಟರಲ್ಲಿ ಮಗಳ ಕೈ ಚೀಲದೊಳಕ್ಕೆ ಹೋಗಿ ಪಿಸ್ತೂಲಿನೊಂದಿಗೆ ಹೊರಬರುತ್ತದೆ. ಬಾಗಿಲು ಮುಚ್ಚಿತು. ಗುಂಡಿನ ಸದ್ದು, ಒಂದಲ್ಲ, ಮೇಲಿಂದ ಮೇಲೆ. ಮೆಟ್ಟಿಲು ಹಾರಿಕೊಂಡು ಇಳಿದು ನೋಡಿದರೆ ಅಪ್ಪ ಅಮ್ಮ ನೆಲಕ್ಕುರುಳಿದ್ದಾರೆ. ಮಗಳು ತಲೆಯೆತ್ತಿ, ಯಾರೋ ಬಾಯಿಪಾಠ ಮಾಡಿಸಿ ಕಳಿಸಿದವಳ ಹಾಗೆ, ಒಂದೇ ಒಂದು ಮಾತು ಹೇಳುತ್ತಾಳೆ: ‘ನಗು.’ ಮರುಕ್ಷಣವೇ ತಾನು ಮಾಡಿದ್ದು ಕಣ್ಣಿಗೆ ಬಿದ್ದು ಕಿರುಚತೊಡಗುತ್ತಾಳೆ.

ಇದು ಬರೀ ಮೊದಲ ಕಂತು! ಇನ್ನೂ ಹನ್ನೆರಡು ಬಾಕಿ!

‘ಜೆಸ್ಸಿಕಾ ಜೋನ್ಸ್’ ನೆಟ್‌ಫ್ಲಿಕ್ಸ್‌ಗೆ ಬಂದದ್ದು 2015ರ ನವೆಂಬರ್ 20ರಂದು. ಮಾರ್ವೆಲ್ ಎಂಬ ಹೆಸರು ಕಂಡಕೂಡಲೇ ‘ಓ, ಮತ್ತೆ ಅದೇ ಮೈಗಂಟಿದ ಉಡುಪು, ಅದೇ ಹಾರಾಟ, ಕೊನೆಗೆ ಅರ್ಧ ನಗರ ನೆಲಸಮ’ ಎಂದುಕೊಂಡು ಮುಂದೆ ಹೋದವರನ್ನೆಲ್ಲ ಕೈಹಿಡಿದು ಎಳೆತಂದು ಟಿವಿ ಮುಂದೆ ಕೂರಿಸಬೇಕು ಅನ್ನಿಸುತ್ತಿದೆ ನನಗೆ. ಇಲ್ಲಿ ಉಡುಪೇ ಇಲ್ಲ. ಗೆಳತಿ ಟ್ರಿಶ್ ಒಮ್ಮೆ ಆಸೆಯಿಂದ ಒಂದು ಉಡುಪು, ಒಂದು ಹೆಸರು ಎರಡನ್ನೂ ತಂದು ಮುಂದೆ ಹಿಡಿದರೆ ನಾಯಕಿ ಗೇಲಿ ಮಾಡಿ ಸಾಗಹಾಕುತ್ತಾಳೆ. ಅವಳದು ಕರಿ ಚರ್ಮದ ಜಾಕೆಟ್ಟು, ಮಾಸಿದ ಜೀನ್ಸು, ಅಗ್ಗದ ವಿಸ್ಕಿ. ನ್ಯೂಯಾರ್ಕಿನ ಹೆಲ್ಸ್ ಕಿಚನ್‌ನಲ್ಲಿ ಮನೆಯೂ ಅದೇ ಕಚೇರಿಯೂ ಅದೇ. ಬಾಗಿಲ ಗಾಜಿನ ಮೇಲೆ ‘ಏಲಿಯಸ್ ಇನ್ವೆಸ್ಟಿಗೇಷನ್ಸ್’ ಎಂದು ಬರೆದಿದೆ, ಆದರೆ ಮೊದಲ ಕೆಲವೇ ನಿಮಿಷಗಳಲ್ಲಿ ಆ ಗಾಜೂ ಒಡೆದುಹೋಗುತ್ತದೆ. ಹೆಂಡತಿಯ ಗುಟ್ಟು ತಿಳಿದು ಕೂಗಾಡಿದ ಗಿರಾಕಿಯೊಬ್ಬನ ತಲೆ ಅದರ ಮೂಲಕ ಹಾದುಹೋಗುತ್ತದೆ, ಅಷ್ಟೆ. ಕಾರಿನ ಹಿಂಭಾಗವನ್ನು ಕೈಯಲ್ಲೇ ಎತ್ತಿಹಿಡಿಯಬಲ್ಲ ಹೆಣ್ಣು, ಅಕ್ರಮ ಸಂಬಂಧಗಳ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಾಳೆ!

(ಮುಂದೆ ಕಥೆಯ ಗುಟ್ಟುಗಳನ್ನೆಲ್ಲ ಬಿಚ್ಚಲಿದ್ದೇನೆ. ನೋಡದೇ ಇರುವವರು ಇಲ್ಲಿಗೇ ನಿಲ್ಲಿಸಿ ನೋಡಿ ಬನ್ನಿ.)

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ರಾತ್ರಿ ಕಳೆದ ಓದುಗರಿಗೆ ಪತ್ತೇದಾರಿಯ ಲೆಕ್ಕಾಚಾರ ಚೆನ್ನಾಗಿ ಗೊತ್ತು. ಹೆಣ, ಸಂಶಯ, ಸುಳಿವು, ಕೊನೆಗೆ ಕೊಲೆಗಾರನ ಮುಖ. ಇಲ್ಲಿ ಕೊಲೆಗಾರ ಯಾರೆಂದು ಲಿಫ್ಟಿನ ಬಾಗಿಲು ತೆರೆಯುವ ಮೊದಲೇ ಜೆಸ್ಸಿಕಾಗೆ ಗೊತ್ತು, ನಮಗೂ ಗೊತ್ತು. ಅವನ ಹೆಸರು ಕಿಲ್‌ಗ್ರೇವ್. ಅವನು ಹೇಳಿದ್ದನ್ನು ಎದುರಿಗಿದ್ದವರು ಮಾಡಲೇಬೇಕು. ಬಂದೂಕಿಲ್ಲ, ಬೆದರಿಕೆಯಿಲ್ಲ, ಬರೀ ಮಾತು. ‘ಆ ಬಿಸಿ ಕಾಫಿಯನ್ನು ಮುಖಕ್ಕೆ ಎರಚಿಕೋ’ ಎಂದರೆ ರಸ್ತೆಬದಿಯ ಕಾಫಿಯವನು ಎರಚಿಕೊಳ್ಳುತ್ತಾನೆ. ಯಾರದೋ ಮನೆಗೆ ನುಗ್ಗಿ ಊಟಕ್ಕೆ ಕೂರುತ್ತಾನೆ, ಮಕ್ಕಳು ಕಿರಿಕಿರಿಯೆನಿಸಿದರೆ ಬೀರುವಿನೊಳಗೆ ಹೋಗಿ ನಿಲ್ಲಲು ಹೇಳುತ್ತಾನೆ. ಮಕ್ಕಳು ಹೋಗಿ ನಿಲ್ಲುತ್ತವೆ. ಅಪ್ಪ ಅಮ್ಮ ನೋಡುತ್ತ ಕೂತಿರುತ್ತಾರೆ. ಒಂದು ತೊಟ್ಟು ರಕ್ತವಿಲ್ಲದ ಆ ದೃಶ್ಯ ಯಾವ ರಾಕ್ಷಸನ ಅಟ್ಟಹಾಸಕ್ಕಿಂತ ಭಯಂಕರ!

ಹಾಗಾದರೆ ಪತ್ತೆ ಮಾಡುವುದೇನನ್ನು? ಅಲ್ಲೇ ಇರುವುದು ಈ ಸರಣಿಯ ಬೆರಗು. ಇಲ್ಲಿ ಹುಡುಕಬೇಕಾದದ್ದು ಅಪರಾಧಿಯನ್ನಲ್ಲ, ಅಪರಾಧ ನಡೆದಿದೆ ಎಂಬುದಕ್ಕೆ ಪುರಾವೆಯನ್ನು. ಪಿಸ್ತೂಲಿನ ಮೇಲೆ ಇರುವುದು ಹೋಪ್ ಎಂಬ ಆ ಹುಡುಗಿಯ ಬೆರಳಚ್ಚು. ಗುಂಡು ಹಾರಿಸಿದ್ದು ಅವಳೇ. ‘ಅವನು ಹೇಳಿದ, ನಾನು ಮಾಡಿದೆ’ ಎಂಬ ಮಾತನ್ನು ಯಾವ ನ್ಯಾಯಾಧೀಶ ನಂಬುತ್ತಾನೆ? ಮಾತಿಗೆ ಬೆರಳಚ್ಚಿಲ್ಲ. ಗೋಡೆ ಒಡೆಯುವ ತೋಳು ಇದ್ದರೇನು ಬಂತು, ಗಾಳಿಯಲ್ಲಿ ಕರಗಿಹೋದ ಒಂದು ವಾಕ್ಯವನ್ನು ಹಿಡಿದು ಕಟಕಟೆಯಲ್ಲಿ ನಿಲ್ಲಿಸಲು ಅದು ಸಾಕೇ? ಸೂಪರ್ ಹೀರೋಗೆ ಅವಳ ಶಕ್ತಿಯೇ ಕೆಲಸಕ್ಕೆ ಬಾರದಂಥ ಶತ್ರುವನ್ನು ಎದುರಿಗೆ ಒಡ್ಡಿ, ‘ಈಗ ಪತ್ತೇದಾರಿ ಮಾಡು ನೋಡೋಣ’ ಎನ್ನುತ್ತಾರಲ್ಲ, ಆ ಧೈರ್ಯಕ್ಕೆ ಏನನ್ನೋಣ!

ಪತ್ತೇದಾರಿ ಹೆಸರಿಗಷ್ಟೇ ಇದೆ ಎಂದುಕೊಳ್ಳಬೇಡಿ. ಕಿಲ್‌ಗ್ರೇವ್ ಬಸ್ಸಿಗೆ ಸಿಕ್ಕಿ ಸತ್ತ ಎಂದೇ ಜೆಸ್ಸಿಕಾ ನಂಬಿದ್ದಳು. ಆ ರಾತ್ರಿಯ ಜಾಡು ಹಿಡಿದು ಹೋದರೆ ಆಂಬುಲೆನ್ಸ್ ಚಾಲಕನೊಬ್ಬ ಆವತ್ತಿನಿಂದಲೇ ಕಾಣೆ. ಸಿಕ್ಕಾಗ ಅವನು ತಾಯಿಯ ಮನೆಯಲ್ಲಿ ಮಾತು ಸತ್ತು, ಡಯಾಲಿಸಿಸ್ ಯಂತ್ರಕ್ಕೆ ಜೋತುಬಿದ್ದಿದ್ದಾನೆ. ಅವನ ಎರಡೂ ಮೂತ್ರಪಿಂಡಗಳನ್ನು ಕಿಲ್‌ಗ್ರೇವ್ ‘ಕೇಳಿ’ ಪಡೆದಿದ್ದಾನೆ! ಅಲ್ಲಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯನವರೆಗೆ ಹೋದರೆ ಇನ್ನೊಂದು ಸಣ್ಣ ವಿವರ: ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಗೂ ರೋಗಿ ಪೂರ್ಣ ಅರಿವಳಿಕೆ ಬೇಡವೆಂದಿದ್ದ. ಯಾಕೆ? ಅಲ್ಲಿ ಹೊಳೆಯುತ್ತದೆ ಅವಳಿಗೆ. ಅರಿವಳಿಕೆ ಕೊಟ್ಟರೆ ಅವನ ಶಕ್ತಿ ನಿಂತುಹೋಗುತ್ತದೆ! ಅವನನ್ನು ಹಿಡಿಯುವ ದಾರಿ ಒಬ್ಬ ರೋಗಿಯ ಹಟದಲ್ಲಿ ಅಡಗಿ ಕೂತಿತ್ತು. ಗುದ್ದಾಟವಿಲ್ಲದೆ, ಬರೀ ಕಡತ, ಆಸ್ಪತ್ರೆ, ವಿಚಾರಣೆಯಿಂದ ಸಿಕ್ಕ ಸುಳಿವು. ಕುರ್ಚಿಯ ತುದಿಗೆ ಬಂದು ಕೂತಿದ್ದೆ ನಾನು.

ಈ ಕಥೆ ಹುಟ್ಟಿದ ಬಗೆಯೂ ಸ್ವಾರಸ್ಯದ್ದೇ. ಬ್ರಯನ್ ಮೈಕಲ್ ಬೆಂಡಿಸ್ ಬರೆದು ಮೈಕಲ್ ಗೇಡೋಸ್ ಚಿತ್ರ ಬರೆದ ‘ಏಲಿಯಸ್’ ಎಂಬ ಕಾಮಿಕ್ಸ್ 2001ರಲ್ಲಿ ಶುರುವಾಯಿತು. ದೊಡ್ಡವರಿಗೆಂದೇ ಮಾರ್ವೆಲ್ ತೆರೆದ ‘ಮ್ಯಾಕ್ಸ್’ ಎಂಬ ಶಾಖೆಯ ಮೊದಲ ಪುಸ್ತಕ ಅದು, ಅದರ ಮೊದಲ ಮಾತೇ ಒಂದು ಬೈಗುಳ. 28 ಸಂಚಿಕೆ ಬಂದು ಮುಗಿಯಿತು. ಬೆಂಡಿಸ್ ಮೊದಲು ಯೋಚಿಸಿದ್ದು ಸ್ಪೈಡರ್ ವುಮನ್ ಎಂದು ಹೆಸರಾದ ಜೆಸ್ಸಿಕಾ ಡ್ರೂಳನ್ನೇ ಇಟ್ಟುಕೊಂಡು ಬರೆಯೋಣವೆಂದು. ಅದು ಹೊಸ ಹೆಣ್ಣಾಗಿ ತಿರುಗಿತು. ಇನ್ನು ಕಿಲ್‌ಗ್ರೇವ್ 1964ರಷ್ಟು ಹಳಬ. ‘ಡೇರ್‌ಡೆವಿಲ್’ ನಾಲ್ಕನೇ ಸಂಚಿಕೆಯಲ್ಲಿ ಮೈಯೆಲ್ಲ ನೇರಳೆ ಬಣ್ಣದ ಖಳನಾಗಿ ಕಾಣಿಸಿಕೊಂಡವನು. ಪುಟದ ಮೇಲೆ ನೋಡಿದರೆ ನಗು ಬರುವ ವೇಷ! ಮೆಲಿಸ್ಸಾ ರೋಸೆನ್‌ಬರ್ಗ್ ಇದನ್ನು ಟಿವಿಗೆ ತರಲು ಮೊದಲು ಹೊರಟದ್ದು ಎಬಿಸಿ ವಾಹಿನಿಗಾಗಿ. ವಾಹಿನಿಯವರು ಬೇಡವೆಂದರು. ಬೇಡವೆಂದದ್ದೇ ಒಳ್ಳೆಯದಾಯಿತು, ಜಾಹೀರಾತುಗಳ ನಡುವೆ ತುರುಕುವ ಕಥೆಯೇ ಇದು?

ರೋಸೆನ್‌ಬರ್ಗ್ ಮಾಡಿದ ಜಾಣತನ ನೋಡಿ. ಖಳನ ಮೈಯ ನೇರಳೆಯನ್ನು ಒರೆಸಿ ಅದನ್ನು ಬೆಳಕಿಗೆ ಹಚ್ಚಿದರು. ಮೊದಲ ಕಂತುಗಳಲ್ಲಿ ಅವನ ಮುಖವೇ ಸರಿಯಾಗಿ ಕಾಣುವುದಿಲ್ಲ. ಜೆಸ್ಸಿಕಾ ಕಣ್ಣು ಮುಚ್ಚಿದರೆ ಕಿವಿಯ ಪಕ್ಕ ಒಂದು ಪಿಸುಮಾತು, ಕೋಣೆಗೆಲ್ಲ ನೇರಳೆ ಛಾಯೆ. ಆಗ ಅವಳು ಬಾಲ್ಯದ ಬಡಾವಣೆಯ ಬೀದಿಗಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾಳೆ, ನೆಲಕ್ಕೆ ಕಾಲೂರಲು. ಆ ಮನುಷ್ಯ ಅವಳನ್ನು ತಿಂಗಳುಗಟ್ಟಲೆ ತನ್ನ ಅಪ್ಪಣೆಯಲ್ಲಿಟ್ಟುಕೊಂಡಿದ್ದ. ಅತ್ಯಾಚಾರವೆಂಬ ಮಾತನ್ನು ಸರಣಿ ನೇರವಾಗಿ, ಖಳನ ಮುಖಕ್ಕೇ ಹೇಳಿಸುತ್ತದೆ. ಆದರೆ ಅತ್ಯಾಚಾರವನ್ನು ತೋರಿಸುವುದಿಲ್ಲ, ಒಂದೇ ಒಂದು ಚೌಕಟ್ಟಿನಲ್ಲೂ ಇಲ್ಲ. ನಮ್ಮ ಎಷ್ಟು ಸಿನಿಮಾಗಳು ಇದನ್ನು ಕೂತು ನೋಡಬೇಕು!

ಮತ್ತೆ ಕಿಲ್‌ಗ್ರೇವ್ ಆಗಿ ಡೇವಿಡ್ ಟೆನೆಂಟ್! ‘ಡಾಕ್ಟರ್ ಹೂ’ ಆಗಿ ಮಕ್ಕಳ ಮನಸ್ಸು ಗೆದ್ದ ಆ ಚಟಪಟ ಮಾತು, ಆ ಹುಬ್ಬು, ಎಲ್ಲವೂ ಇಲ್ಲಿ ವಿಷವಾಗಿದೆ. ಅವನು ಜೆಸ್ಸಿಕಾ ಬೆಳೆದ ಮನೆಯನ್ನೇ ಕೊಂಡು, ಅವಳ ಕೋಣೆಯನ್ನು ಮೊದಲಿದ್ದ ಹಾಗೆಯೇ ಸಿಂಗರಿಸಿ, ಪ್ರೇಮಿಯಂತೆ ಕಾಯುತ್ತಾನೆ. ತಾನು ಕೆಟ್ಟವನು ಎಂದು ಅವನಿಗೆ ಅನ್ನಿಸುವುದೇ ಇಲ್ಲ. ಪ್ರತಿ ಮಾತನ್ನೂ ಅಳೆದು ಆಡಬೇಕಲ್ಲ, ಬಾಯಿತಪ್ಪಿ ಬೈದರೂ ಜನ ಅದನ್ನೇ ಮಾಡಿಬಿಡುತ್ತಾರಲ್ಲ ಎಂದು ತನ್ನ ಕಷ್ಟ ತೋಡಿಕೊಳ್ಳುತ್ತಾನೆ. ಅರೆಕ್ಷಣ ಅಯ್ಯೋ ಪಾಪ ಅನ್ನಿಸಿಬಿಡುತ್ತದೆ ನನಗೆ, ಆಮೇಲೆ ಮೈ ಉರಿಯುತ್ತದೆ. ಅವನ ಮಾತು ಕೆಲಸ ಮಾಡಿಬಿಟ್ಟಿತಲ್ಲ, ನನ್ನ ಮೇಲೂ!

ಈಗ ಹತ್ತನೇ ಕಂತಿಗೆ ಬರುತ್ತೇನೆ, ಇಡೀ ಸರಣಿಯ ಉಸಿರು ಇರುವುದು ಅಲ್ಲಿ. ಕಿಲ್‌ಗ್ರೇವ್‌ನ ವಾದ ಇದು: ಒಮ್ಮೆ ತನ್ನ ಅಪ್ಪಣೆಯ ಅವಧಿ ಮುಗಿದು ಹದಿನೆಂಟು ಸೆಕೆಂಡು ಅವಳು ಸ್ವತಂತ್ರಳಾಗಿದ್ದಳು, ಓಡಿಹೋಗಬಹುದಿತ್ತು, ಹೋಗಲಿಲ್ಲ. ಅಂದರೆ ಅವಳಿಗೂ ಇಷ್ಟವಿತ್ತು. ದೃಶ್ಯ ಅವನ ನೆನಪಿನಲ್ಲಿ ಮೂಡುತ್ತದೆ: ಎತ್ತರದ ಬಾಲ್ಕನಿ, ಹಳದಿ ಉಡುಪು, ಚುಂಬನ, ಅವಳ ನಗು. ನೋಡುತ್ತಿರುವ ನಮಗೇ ಅನುಮಾನ ಹುಟ್ಟುತ್ತದೆ. ಆಗ ಜೆಸ್ಸಿಕಾ ಅದೇ ಕ್ಷಣಗಳನ್ನು ಮತ್ತೆ ತೆರೆಯುತ್ತಾಳೆ. ಅದೇ ಬಾಲ್ಕನಿ, ಅದೇ ಉಡುಪು. ಅವಳು ನೋಡುತ್ತಿರುವುದು ಅವನನ್ನಲ್ಲ, ಅಂಚನ್ನು. ಕೆಳಗೊಂದು ಬಿಳಿ ಕುದುರೆ ನಿಂತಿದೆ, ಧುಮುಕಿದರೆ ಅದನ್ನೇರಿ ದೂರ ಹೋಗಿಬಿಡಬಹುದು ಎಂಬ ಕನಸು. ಮಂಕು ಕವಿದ ಮನಸ್ಸು ತನ್ನದೇ ಕಾಲುಗಳನ್ನು ಎಳೆದು ತರುವಷ್ಟರಲ್ಲಿ ಅವನು ಹೆಸರು ಹಿಡಿದು ಕರೆಯುತ್ತಾನೆ, ಮುಗಿಯಿತು. ಮಾತು ಕೇಳದ ಮೇಲೆ ಕಿವಿ ಯಾಕೆ, ಕತ್ತರಿಸಿಕೋ ಎಂದು ಅಪ್ಪಣೆ. ಆ ಗಾಯದ ಗುರುತು ಕಿವಿಯ ಹಿಂದೆ ಇನ್ನೂ ಇದೆ. ತೋರಿಸುತ್ತಾಳೆ!

ಪುರಾವೆ! ಇಡೀ ಸರಣಿಯಲ್ಲಿ ಅವಳು ಹುಡುಕುತ್ತಿದ್ದ ಪುರಾವೆ ಅವಳ ಮೈಮೇಲೇ ಇತ್ತು, ಆದರೆ ಅದನ್ನು ಕೋರ್ಟು ಒಪ್ಪುವುದಿಲ್ಲ. ಅದಕ್ಕೂ ಒಂದು ಕಂತು ಮುಂಚೆ ಗಾಳಿಯಾಡದ ಗಾಜಿನ ಕೋಣೆಯಲ್ಲಿ ಅವನನ್ನು ಕೂಡಿಹಾಕಿ, ಎದುರಿಗೆ ಕ್ಯಾಮೆರಾ ಇಟ್ಟು, ಪೊಲೀಸ್ ಅಧಿಕಾರಿಯನ್ನು ಸಾಕ್ಷಿಗೆ ಕರೆದು, ‘ನಿನ್ನ ಶಕ್ತಿ ತೋರಿಸು’ ಎಂದು ಕೆಣಕಿದ್ದಳು. ಎಲ್ಲವೂ ಕೈಮೀರಿ ರಕ್ತಪಾತವಾಯಿತು. ಈಗ ಹೋಪ್, ತಾನು ಬದುಕಿರುವವರೆಗೆ ಜೆಸ್ಸಿಕಾ ಅವನನ್ನು ಕೊಲ್ಲುವುದಿಲ್ಲವೆಂದು ತಿಳಿದು, ಒಡೆದ ಗಾಜಿನಿಂದ ಪ್ರಾಣ ಕಳೆದುಕೊಳ್ಳುತ್ತಾಳೆ. ಬಿಡಿಸಬೇಕಾದ ನಿರಪರಾಧಿಯೇ ಇಲ್ಲದ ಮೇಲೆ ಪುರಾವೆ ಯಾರಿಗೆ ಬೇಕು? ಪತ್ತೇದಾರಿ ಕಥೆ ಅಲ್ಲಿಗೆ ಸತ್ತುಹೋಗಿ, ಉಳಿದ ಕಂತುಗಳು ಬೇಟೆಯಾಗುತ್ತವೆ. ಒಂದು ಸರಣಿ ತನ್ನ ಪ್ರಕಾರವನ್ನೇ ನಡುದಾರಿಯಲ್ಲಿ ಹೀಗೆ ಕೈಬಿಡುವುದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಎಲ್ಲವೂ ಚಿನ್ನವೇ ಅಂದರೆ ಸುಳ್ಳಾದೀತು. ಹದಿಮೂರು ಕಂತು ತುಂಬಿಸಲೇಬೇಕೆಂಬ ಒತ್ತಡ ಕಾಣುತ್ತದೆ. ಪೊಲೀಸಿನ ಸಿಂಪ್ಸನ್ ಬಣ್ಣಬಣ್ಣದ ಮಾತ್ರೆ ನುಂಗಿ ಹುಚ್ಚಾಗುವ ಉಪಕಥೆ ಯಾರಿಗೆ ಬೇಕಿತ್ತೋ. ಹೊಡೆದಾಟಗಳು ಸಾಧಾರಣ. ಮೇಲಿನ ಮನೆಯ ರಾಬಿನ್ ಬಾಯಿ ತೆರೆದಾಗಲೆಲ್ಲ ರಿಮೋಟು ಹುಡುಕಿದ್ದೇನೆ.

ಆದರೆ ಹದಿಮೂರನೇ ಕಂತು ಅದನ್ನೆಲ್ಲ ಮರೆಸುತ್ತದೆ. ಹಡಗುಕಟ್ಟೆ. ಜೆಸ್ಸಿಕಾ ಮತ್ತೆ ತನ್ನ ಹಿಡಿತಕ್ಕೆ ಸಿಕ್ಕಿದ್ದಾಳೋ ಇಲ್ಲವೋ ಎಂದು ಪರೀಕ್ಷಿಸಲು ಕಿಲ್‌ಗ್ರೇವ್ ಅವಳ ಮುಖದ ಹತ್ತಿರ ಬಂದು ಹೇಳುವುದು ಮತ್ತದೇ: ನಗು. ಅವಳು ನಗುತ್ತಾಳೆ. ಪ್ರೀತಿಸುತ್ತೇನೆ ಎನ್ನು, ಎನ್ನುತ್ತಾನೆ. ಅವನ ಹೆಗಲಾಚೆ ನಿಂತ ಟ್ರಿಶ್‌ಳನ್ನು ನೋಡಿ ಹೇಳುತ್ತಾಳೆ. ತಾನು ಎಂದೂ ಆಡದ ಮಾತು ಅದು, ಹಾಗಾಗಿ ತಾನಿನ್ನೂ ತಾನೇ ಎಂಬುದಕ್ಕೆ ಅದೇ ಗುರುತಾಗಲಿ ಎಂದು ಗೆಳತಿಯರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಮರುಗಳಿಗೆ ಅವನ ಕತ್ತು ಲಟಕ್ ಎನ್ನುತ್ತದೆ. ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಮನೆಯವರು ಹೆದರಿ ಓಡಿಬಂದರು! ‘ಏಕೆಎ ಸ್ಮೈಲ್’ ಎಂಬ ಆ ಕಂತಿಗೆ 2016ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ದಾರಿಯಲ್ಲಿ ಹೋಗುವ ಯಾರೋ ‘ಸ್ವಲ್ಪ ನಗಬಾರದೇನಮ್ಮಾ’ ಎಂದಾಗ ಹಲ್ಲು ಕಚ್ಚಿಕೊಂಡು ನಡೆದ ಹೆಣ್ಣುಮಕ್ಕಳು ಮೈಸೂರಿನಲ್ಲೂ ಇದ್ದಾರೆ, ಮ್ಯಾನ್‌ಹಟನ್‌ನಲ್ಲೂ ಇದ್ದಾರೆ. ಅವರಿಗೆ ಆ ಲಟಕ್ ಎಷ್ಟು ಹಿತವಾಗಿ ಕೇಳಿಸಿತೆಂದು ನಾನು ಹೇಳಬೇಕಾಗಿಲ್ಲ.

ಕ್ರಿಸ್ಟನ್ ರಿಟರ್ ಬಗ್ಗೆ ಇಷ್ಟು ಹೊತ್ತು ಹೇಳದೇ ಇದ್ದದ್ದು ಅವಳು ನಟಿಸುತ್ತಿದ್ದಾಳೆಂಬುದೇ ನೆನಪಿರದಷ್ಟು ಜೆಸ್ಸಿಕಾ ಆಗಿಹೋಗಿರುವುದರಿಂದ. ಎರಡನೇ ಸೀಸನ್ 2018ರ ಮಹಿಳಾ ದಿನದಂದು ಬಂತು, ಹದಿಮೂರೂ ಕಂತುಗಳನ್ನು ನಿರ್ದೇಶಿಸಿದವರು ಹೆಂಗಸರೇ. ಸತ್ತಳೆಂದುಕೊಂಡ ತಾಯಿ ಎದುರಾಗುವ ಕಥೆ. ಜಾನೆಟ್ ಮ್ಯಾಕ್‌ಟೀರ್ ಅದ್ಭುತ, ಕಥೆ ಮಾತ್ರ ನಿಧಾನ. 2019ರ ಮೂರನೆಯದು ಟ್ರಿಶ್‌ಳನ್ನು ಕೊಂಡೊಯ್ಯುವ ಜಾಗ ಎದೆ ಒಡೆಯುವಂಥದ್ದು. ಆದರೆ ಕಿಲ್‌ಗ್ರೇವ್ ಇಲ್ಲದ ಖಾಲಿಯನ್ನು ಎರಡೂ ತುಂಬಲಿಲ್ಲ ಎಂಬುದು ನನ್ನ ಹಟ. ಸಮಯ ಕಡಿಮೆಯಿದ್ದವರು ಮೊದಲ ಸೀಸನ್ ಮುಗಿಸಿ ನಿಲ್ಲಿಸಿದರೂ ನಷ್ಟವಿಲ್ಲ.

ನೋಡುವಾಗ ಒಂದೇ ಕೋರಿಕೆ. ಪ್ರತಿ ಕಂತಿನ ಶುರುವಿನಲ್ಲಿ ‘ಸ್ಕಿಪ್ ಇಂಟ್ರೋ’ ಎಂಬ ಗುಂಡಿ ಬರುತ್ತದಲ್ಲ, ಅದನ್ನು ಒತ್ತಬೇಡಿ! ‘ಏಲಿಯಸ್’ ಪುಸ್ತಕಗಳಿಗೆ ಡೇವಿಡ್ ಮ್ಯಾಕ್ ಬರೆದ ಮುಖಪುಟಗಳ ಜಲವರ್ಣವೇ ಅಲ್ಲಿ ಹರಿದು ಕಿಟಕಿಗಳಾಗಿ, ನೆರಳುಗಳಾಗಿ, ಕದ್ದು ನೋಡುವ ಕಣ್ಣಾಗಿ ಕದಡಿಕೊಳ್ಳುತ್ತದೆ. ಶಾನ್ ಕ್ಯಾಲರಿಯ ಸಂಗೀತ ಕಳ್ಳಹೆಜ್ಜೆಯ ಜಾಜ್‌ನಲ್ಲಿ ಶುರುವಾಗಿ, ಇದ್ದಕ್ಕಿದ್ದಂತೆ ಎಲೆಕ್ಟ್ರಿಕ್ ಗಿಟಾರಿನೊಂದಿಗೆ ಬಾಗಿಲು ಒದ್ದು ಒಳಬರುತ್ತದೆ. ಅದಕ್ಕೆ 2016ರಲ್ಲಿ ಎಮ್ಮಿ ಸಿಕ್ಕಿತು. ದೀಪ ಆರಿಸಿ, ಸದ್ದು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.